ನೀವು ಕಟ್ಟಿದ ಕೊನೆಯ ಮುಡಿ

ಅತ್ತೆಯವರಿಗೆ, ನಿಮ್ಮ ಸೊಸೆ ಗಿರಿಜೆಯ ನಮಸ್ಕಾರ.

ನೀವು ತೀರಿಕೊಂಡ ವರ್ಷ, ನೆರೆಗೂ ಜಗ್ಗದ ನೆರೆಗುಳಿ ಭತ್ತದ ಬೀಜಕ್ಕೆ ಹುಲ್ಲು ಸುತ್ತಿ, ಚಿಕ್ಕ ಮುಡಿ ಕಟ್ಟಿ, ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದ್ದಿರಿ. ನಾನದನ್ನು ಬಿಚ್ಚಲೇ ಇಲ್ಲ. ನಿಮ್ಮ ಕೈಯ ಗಂಟು, ಬಿಚ್ಚುವುದಾದರೂ ಹೇಗೆ? ಗದ್ದೆಗೆ ಅಂಗಡಿಯ ಬೀಜ ಹಾಕಿಸಿ, ಮುಡಿಗೆ ಹಬ್ಬಹಬ್ಬಕ್ಕೂ ಕುಂಕುಮ ಹಚ್ಚುತ್ತಾ ಮೂರು ವರ್ಷ ಕಾಪಾಡಿದೆ.

ಹೋದ ಬೇಸಿಗೆಯಲ್ಲಿ ದಾಸನಕೊಪ್ಪದ ಹೆಂಗಸರು ಹಳೆಯ ಗೋದಾಮಿನಲ್ಲಿ ಒಂದು ಕೇಂದ್ರ ತೆರೆದರು. ಬುಟ್ಟಿ ಹೆಣೆಯುವುದು, ಗೋಡೆಗೆ ಹಸೆ ಚಿತ್ತಾರ ಬರೆಯುವುದು, ಊರ ಬೀಜ ಉಳಿಸುವುದು, ಎಲ್ಲ ಅಲ್ಲಿ ನಡೆಯುತ್ತದೆ. ನೆರೆಯಲ್ಲಿ ಮುಳುಗಿದರೂ ಕೊಳೆಯದ ಭತ್ತ ಯಾರಲ್ಲೂ ಉಳಿದಿಲ್ಲ ಎಂದು ಅವರು ಪೇಚಾಡುವಾಗ ನಾನು ತಲೆಯೆತ್ತಿ ಮುಡಿ ಹೊತ್ತು ಹೋದೆ. ಬೀಜ ನೋಡಿಕೊಳ್ಳುವ ನಾಗವೇಣಿ, ಯಾವ ವರ್ಷದ್ದೆಂದು ಕೇಳಿದಳು. ಹೋದ ಸುಗ್ಗಿಯದು ಎಂದುಬಿಟ್ಟೆ. ನಮ್ಮ ಮನೆಯವರೇ ಅದನ್ನು ಬಿತ್ತುವುದು ಬಿಟ್ಟರೆಂದು ಅಷ್ಟು ಜನರ ಮುಂದೆ ನಾನು ಹೇಗೆ...

ನೂರು ಕಾಳನ್ನು ಒದ್ದೆ ಗೋಣಿಯಲ್ಲಿಟ್ಟು, ಮೊಳಕೆ ನೋಡಿಯೇ ಹಂಚೋಣವೆಂದಳು ನಾಗವೇಣಿ. ಹೊಳೆದಂಡೆಯ ದ್ಯಾಮವ್ವ ಕಾಯಲೊಪ್ಪಲಿಲ್ಲ. ಎರಡು ವರ್ಷ ಅವಳ ಪೈರು ನೆರೆಯಲ್ಲಿ ಕೊಳೆತಿತ್ತು. ಮಳೆಯೂ ಹತ್ತಿರ ಬಂದಿತ್ತು. ಸೆರಗೊಡ್ಡಿ ನಿಂತಳು.

"ಮೊಳಕಿ ಏನ್ ನೋಡ್ತೀ ತಂಗಿ? ಗಿರಿಜಕ್ಕಾರ ಮನೀ ಬೀಜ ಸುಳ್ಳಾಗೂದಿಲ್ಲ."

ಮುಡಿ ಬಿಚ್ಚಿ ಬೀಜ ಸುರಿದಿದ್ದ ಮೊರಕ್ಕೆ ನಾಗವೇಣಿ ಕೈ ಹಾಕಿದಳು. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು, ಅವಳ ಗದ್ದೆ?

"ಬಿತ್ತಬ್ಯಾಡ ದ್ಯಾಮವ್ವ. ಮೂರು ವರ್ಷದ ಹಿಂದಿಂದು. ನಾ ಸುಳ್ಳು ಹೇಳೀನಿ."

ಹೆಣೆಯುತ್ತಿದ್ದ ಕೈಗಳೆಲ್ಲ ನಿಂತವು. ದ್ಯಾಮವ್ವ ಸೆರಗು ಕೊಡವಿಕೊಂಡಳು. "ಬೀಜಾನೂ ದೇವ್ರ ಮಾಡಿ ಕುಂದ್ರಿಸಿದ್ರೇನ್ರೀ?"

ನಾನೇ ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿಟ್ಟೆ.

ನಾಲ್ಕನೆಯ ದಿನ ಗೋಣಿ ಬಿಚ್ಚಿದಾಗ ಒಂದು ಕಾಳೂ ಮೊಳೆತಿರಲಿಲ್ಲ. ಉಳಿದ ಬೀಜವನ್ನೆಲ್ಲ ನೆನೆಸಿದೆವು. ಹುಳಿವಾಸನೆಯ ಆ ರಾಶಿಯನ್ನು ನಾನೂ ನಾಗವೇಣಿಯೂ ದಿನವಿಡೀ ಕೆದಕಿದ ಮೇಲೆ ಬಿಳಿ ಮೂತಿಯ ಕಾಳು ಸಿಕ್ಕಿದ್ದು ಏಳೇ ಏಳು.

ಅವನ್ನು ಬಾವಿಯ ಪಕ್ಕದ ಕೆಸರಲ್ಲಿ ಒಂದೊಂದಾಗಿ ನೆಟ್ಟೆ. ದ್ಯಾಮವ್ವ ಆ ವರ್ಷ ಬೇರೆ ಬೀಜ ಬಿತ್ತಿದಳು. ಅರ್ಧ ಗದ್ದೆ ಮತ್ತೆ ಕೊಳೆಯಿತು. ಅದು ನಮ್ಮ ಮನೆಯ ಪಾಪ. ತೆನೆ ಬಂದಾಗ ಹಕ್ಕಿ ಕಾಯಲು ನಾನೇ ಕುಳಿತೆ, ನನ್ನ ಸೊಸೆಗೂ ಬಿಡಲಿಲ್ಲ.

ಅತ್ತೆ, ನಿಮಗೆ ಹೇಳಬೇಕಾದದ್ದು ಇದು: ಎರಡು ಬೊಗಸೆ ಬೀಜವಾಯಿತು. ಹಂಚಿದರೆ ಯಾರಿಗೂ ಸಾಲದು, ಒಂದೇ ಕಡೆ ಬಿತ್ತಿದರೆ ಹೆಚ್ಚುತ್ತದೆ. ಅಷ್ಟನ್ನೂ ನಿನ್ನೆ ದ್ಯಾಮವ್ವನಿಗೆ ಕೊಟ್ಟೆ, ಮನೆಯಲ್ಲಿ ಒಂದು ಕಾಳೂ ಇಟ್ಟುಕೊಂಡಿಲ್ಲ. ಮುಂದಿನ ಸುಗ್ಗಿಗೆ ಬೀಜ ಕೇಳಲು ನಿಮ್ಮ ಸೊಸೆ ಅವಳ ಅಂಗಳದಲ್ಲಿ ನಿಲ್ಲಬೇಕು. ನಿಲ್ಲುತ್ತೇನೆ.