ಸೊಗದೆ ಬೇರಿನ ಸೋಡ

ಕೊಪ್ಪ
೧೪ ಏಪ್ರಿಲ್ ೧೯೭೯

ಪ್ರೀತಿಯ ಭಾಯಿಜಾನ್‌ಗೆ ತಂಗಿ ಶಕೀಲಾಳ ಸಲಾಂ.

ಹೊಟ್ಟೆಯ ನೋವು ಹೇಗಿದೆ? ಆಪರೇಷನ್ನಿನ ಹೊಲಿಗೆ ಬಿಚ್ಚಿದರೆಂದು ಭಾಬಿ ಬರೆದಿದ್ದರು. ಮಂಗಳೂರಿನ ಸೆಕೆಗೆ ನಿಮಗೆ ನಿದ್ದೆ ಹತ್ತುವುದಿಲ್ಲವೆಂದು ಗೊತ್ತು. ಆಸ್ಪತ್ರೆಯ ಗಂಜಿ ಸೇರದಿದ್ದರೂ ಭಾಬಿಯ ಮುಖ ನೋಡಿಯಾದರೂ ಉಣ್ಣಿ. ಹದಿನೈದು ದಿನದಿಂದ ನಾನು ಕಾಗದ ಹಾಕಲಿಲ್ಲ. ಪುರುಸೊತ್ತು ಇಲ್ಲದೆ ಅಲ್ಲ, ಧೈರ್ಯ ಇಲ್ಲದೆ.

ಮೈಗೆ ತಂಪೆಂದು ಕಾಡಿನ ಸೊಗದೆ ಬೇರಿನ ಕಷಾಯ ಕಾಸಿ ನಿಮ್ಮ ಕಾರ್ಖಾನೆಯ ಗೋಲಿ ಸೋಡಕ್ಕೆ ಬೆರೆಸಿದ್ದನ್ನು ಹಿಂದೆ ಬರೆದಿದ್ದೆನಲ್ಲ. ಅದು ನಾನು ಎಣಿಸಿದ್ದಕ್ಕಿಂತ ಹೆಚ್ಚು ಜನಕ್ಕೆ ಹಿಡಿಸಿತು. ಶೃಂಗೇರಿಯ ಹೋಟೆಲಿನವರು, ನರಸಿಂಹರಾಜಪುರದ ಅಂಗಡಿಯವರು ಬಸ್ಸಿನ ಕಂಡಕ್ಟರ್ ಹತ್ತಿರ ಚೀಟಿ ಕಳಿಸಿ ಕೇಳತೊಡಗಿದರು. ನೀವು ‘ಭೇಷ್, ನಿನ್ನ ತಲೆ ಓಡುತ್ತದೆ. ಆದರೆ ಜನ ಸೇರಿಸಿಕೊಂಡರೆ ಮೊದಲು ಕಲಿಸು’ ಎಂದು ಬರೆದಿರಿ. ಮೊದಲಿನ ಮಾತನ್ನು ಹತ್ತು ಸಲ ಓದಿಕೊಂಡೆ. ಎರಡನೆಯದನ್ನು ಬಿಟ್ಟೆ.

ಕಮ್ಮರಡಿಯ ಯಮುನಮ್ಮ ಎಂಬ ಹೆಂಗಸು ಕೆಲಸ ಕೇಳಿಕೊಂಡು ಬಂದಳು. ನನ್ನ ಹಾಗೇ ಗಂಡ ಇಲ್ಲದವಳು, ಮಾತು ಕಡಿಮೆ, ಕೈ ಚುರುಕು. ನಾನು ಈ ಮನೆಗೆ ವಾಪಸು ಬಂದಾಗ ನೀವು ನನ್ನನ್ನು ಒಂದು ತಿಂಗಳು ಸೋಡ ಮೆಷಿನ್ ಮುಟ್ಟಲು ಬಿಡಲಿಲ್ಲ. ಬರೀ ಸೀಸೆ ತೊಳೆಯುವುದು, ಬಿಸಿಲಿಗೆ ಹಿಡಿದು ಬಿರುಕು ಹುಡುಕುವುದು. ‘ಕಣ್ಣಿಗೆ ಕಲಿಸದೆ ಕೈಗೆ ಕಲಿಸಬಾರದು’ ಅನ್ನುತ್ತಿದ್ದಿರಿ, ನನಗೆ ಸಿಟ್ಟು ಬರುತ್ತಿತ್ತು. ಯಮುನಮ್ಮನನ್ನು ನಾನು ಎರಡನೇ ದಿನವೇ ಮೆಷಿನ್ ಮುಂದೆ ನಿಲ್ಲಿಸಿದೆ. ಹಿಡಿ ತಿರುಗಿಸುವುದು, ಗ್ಯಾಸ್ ಬಿಡುವುದು ತೋರಿಸಿದೆ. ಅಷ್ಟೇ. ಹಬ್ಬದ ಆರ್ಡರ್ ತಲೆಯ ಮೇಲಿತ್ತು.

ಮಾರ್ಚ್ ಮೂವತ್ತರ ಮಧ್ಯಾಹ್ನ. ಗ್ಯಾಸ್ ತುಂಬಿದ ಸೀಸೆ ತೆಗೆದು, ಗೋಲಿ ಸರಿಯಾಗಿ ಕೂತಿದೆಯೋ ಅಂತ ಅವಳು ಮುಖದ ಹತ್ತಿರ ಹಿಡಿದು ನೋಡಿದಳು. ಹಾಗೆ ಹಿಡಿಯಬಾರದೆಂದು ಯಾರೂ ಹೇಳಿರಲಿಲ್ಲ. ಸೀಸೆ ಒಡೆಯಿತು. ಅವಳು ಕೂಗಲಿಲ್ಲ ಭಾಯಿ. ಸೆರಗಿನಿಂದ ಬಲಗಣ್ಣು ಒತ್ತಿಕೊಂಡು ಕೆಳಗೆ ಕೂತು, ‘ಶಕೀಲಕ್ಕ, ಸೀಸೆ ಹೋಯ್ತು’ ಅಂದಳು.

ಪಕ್ಕದ ಬೀಡಿ ಅಂಗಡಿಯ ಜಮಾಲ್ ಎಲ್ಲಿಂದಲೋ ಜೀಪು ತಂದ. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ಗಾಜು ಆಳಕ್ಕೆ ಹೋಗಿತ್ತು, ಕಣ್ಣು ಉಳಿಯಲಿಲ್ಲ. ಐದು ದಿನ ಅವಳ ಮಂಚದ ಬುಡದಲ್ಲೇ ಇದ್ದೆ. ಬ್ಯಾಂಡೇಜು ಬದಲಾಯಿಸಿದ ದಿನ ಅವಳು ಕೇಳಿದಳು: ‘ಅಕ್ಕ, ನಾನು ಎಂತ ತಪ್ಪು ಮಾಡಿದೆ? ಹೇಳಿ, ಇನ್ನೊಂದ್ಸಲ ಹಾಗೆ ಮಾಡಲ್ಲ.’ ಮತ್ತೆ ಕೆಲಸಕ್ಕೆ ಬರುವ ಆಸೆ ಅವಳಿಗೆ. ನಾನು ಗಂಜಿಯ ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋದೆ.

ಈಗ ಅವಳು ಕಮ್ಮರಡಿಯಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಮೊನ್ನೆ ಹೋಗಿದ್ದೆ. ಅಕ್ಕಿ ಆರಿಸುತ್ತಿದ್ದಳು, ಕಲ್ಲು ಉಳಿದುಬಿಡುತ್ತಿತ್ತು. ತಮ್ಮನ ಹೆಂಡತಿ ಮೊರ ಕಿತ್ತುಕೊಂಡಳು. ಶಿವಮೊಗ್ಗದಿಂದ ಬಂದಾಗಿನಿಂದ ನಾನು ಕಾರ್ಖಾನೆಯ ಬಾಗಿಲು ತೆಗೆದಿಲ್ಲ. ಹೋಟೆಲಿನವರು ಇನ್ನೂ ಚೀಟಿ ಕಳಿಸುತ್ತಿದ್ದಾರೆ, ಬೇಸಿಗೆಯಲ್ಲವೇ. ನನ್ನ ಸೋಡ ರುಚಿಯಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ಬಂದ ಚೀಟಿಯನ್ನೆಲ್ಲ ನಾನು ಒಲೆಗೆ ಹಾಕುತ್ತೇನೆ.

ಭಾಬಿಗೆ ನನ್ನ ಸಲಾಂ ಹೇಳಿ. ಅಲ್ಲಾಹ್ ನಿಮ್ಮನ್ನು ಬೇಗ ನಿಮ್ಮ ಕಾಲ ಮೇಲೆ ನಿಲ್ಲಿಸಲಿ.

ನಿಮ್ಮ ತಂಗಿ
ಶಕೀಲಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ‘ಒಂದು ತಿಂಗಳು ಕಲಿಸಿದ್ದೆವು, ಅವಳೇ ಎಚ್ಚರ ತಪ್ಪಿದಳು’ ಎಂದು ಬರೆದ ಕಾಗದ ಪೊಲೀಸ್ ಠಾಣೆಯಲ್ಲಿದೆ. ಬರೆದವಳು ನಾನು. ಆಸ್ಪತ್ರೆಯಲ್ಲಿ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡವಳೂ ನಾನೇ. ಏನು ಬರೆದಿದೆ ಅಂತ ಅವಳು ಕೇಳಲಿಲ್ಲ. ನಾಳೆ ಬೆಳಿಗ್ಗೆ ಠಾಣೆಗೆ ಹೋಗಿ ಅದು ಸುಳ್ಳು ಅಂತ ಹೇಳುತ್ತೇನೆ. ಕಾರ್ಖಾನೆಯ ಲೈಸೆನ್ಸ್ ನಿಮ್ಮ ಹೆಸರಿನಲ್ಲಿದೆ, ಅದು ರದ್ದಾಗಬಹುದು. ಬೇಡ ಅಂತ ನೀವು ಉತ್ತರ ಬರೆದರೆ ನಾನು ನಿಮ್ಮ ಮಾತು ಕೇಳಿಬಿಡುತ್ತೇನೆ, ಅದಕ್ಕೇ ಉತ್ತರ ಬರುವ ಮೊದಲೇ ಹೋಗುತ್ತಿದ್ದೇನೆ.