ಗುಬ್ಬಿಯ ಹಾಜರಿ

ಮನೆಯಿಂದ,
ಶುಕ್ರವಾರ ಮಧ್ಯಾಹ್ನ, ಹೊಲಿಗೆ ಮೆಷಿನ್ನಿನ ಮೇಲೆ ಹಾಳೆ ಇಟ್ಟುಕೊಂಡು.

ಪ್ರೀತಿಯ ತಮ್ಮಾ, ನನ್ನ ಗುಬ್ಬೀ,

ಹೇಗಿದ್ದೀಯಾ? ಮೈಕಿನ ಮುಂದೆ ಇದನ್ನೇ ಕೇಳಿ ಕೇಳಿ ಗಂಟಲು ಕಟ್ಟಿದೆ, ಈಗ ಕಾಗದದಲ್ಲಿ ಕೇಳುತ್ತಿದ್ದೇನೆ. ಮೈಯಲ್ಲಿ ಹುಷಾರಾಗಿದ್ದೀಯಾ? ಹೊತ್ತುಹೊತ್ತಿಗೆ ಏನಾದರೂ ತಿನ್ನುತ್ತಿದ್ದೀಯಾ? ನಾನು ಹೊಲಿದು ಕೊಟ್ಟ ದಪ್ಪ ಕೋಟನ್ನು ನೀನು ಹಾಕಿಕೊಳ್ಳುತ್ತೀಯೋ, ಇಲ್ಲ ರೇಡಿಯೊಗೆ ಹೊದಿಸಿ ನೀನು ನಡುಗುತ್ತಾ ಕೂರುತ್ತೀಯೋ? ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ನಾವಿಲ್ಲಿ ಇದ್ದೇವೆ. ಚೆನ್ನಾಗಿದ್ದೇವೆ ಅಂತ ಬರೆಯಲು ಕೈ ಬರುತ್ತಿಲ್ಲ. ನಿನ್ನ ಭಾವ ಬಸ್ಸು ಡಿಪೋಗೆ ಬಿಟ್ಟು ಬಂದವರು ಶೂ ಬಿಚ್ಚುವ ಮೊದಲೇ "ಏನಾದ್ರೂ ಕೇಳಿಸ್ತಾ?" ಅನ್ನುತ್ತಾರೆ. ನಾನು ತಲೆ ಅಲ್ಲಾಡಿಸುತ್ತೇನೆ. ಆಮೇಲೆ ಇಬ್ಬರೂ ಊಟಕ್ಕೆ ಕೂತು ತಟ್ಟೆ ನೋಡುತ್ತೇವೆ. ನಿನ್ನೆ ಒಂದು ಅಂಗಿಗೆ ಎರಡೂ ಎಡಗಡೆಯ ತೋಳನ್ನೇ ಜೋಡಿಸಿಬಿಟ್ಟೆ. ಗಿರಾಕಿ ನಕ್ಕರು, ನಾನು ಅತ್ತೆ. ಪಾಪ, ಅವರು ಗಾಬರಿಯಾಗಿ, ಹಾಗೇ ಇರಲಿ ಬಿಡಿ ಅಂತ ಅಂಗಿ ಎತ್ತಿಕೊಂಡು ಹೋದರು.

ರೇಡಿಯೊ ಕ್ಲಬ್ಬಿನ ಸುದ್ದಿ ಇಲ್ಲದಿದ್ದರೆ ನಿನ್ನ ಮಟ್ಟಿಗೆ ಅದು ಪತ್ರವೇ ಅಲ್ಲ, ಅದಕ್ಕೇ ಬರೆಯುತ್ತೇನೆ. ಹೊಸಬರ ತರಗತಿಯಲ್ಲಿ ಈ ಸಲ ಎಲ್ಲರೂ ಪಾಸು. ಪಾಠ ಮಾಡಿದ್ದು ನಮ್ಮ ಹಲ್ಲು ಡಾಕ್ಟರಮ್ಮ. ಆಕೆಗೆ ಮೋರ್ಸ್ ಸಂಕೇತ ಎಷ್ಟು ತಲೆಗೆ ಹತ್ತಿದೆಯೆಂದರೆ, ರೋಗಿ ಬಾಯಿ ತೆರೆದು ಕೂತಿರುವಾಗಲೂ ಕೈಯಲ್ಲಿದ್ದ ಇಕ್ಕಳದಿಂದ ತಟ್ಟೆಯ ಮೇಲೆ ಟಕಟಕ ಬಡಿಯುತ್ತಾರಂತೆ. ವೈರ್‌ಮನ್ ಹಳೆಯ ಪರದೆಯ ಕೊಳವೆಗಳಿಂದ ಆಂಟೆನಾ ಮಾಡಿ ಬಾಲ್ಕನಿಗೆ ಕಟ್ಟಿದ್ದ. ಅವನ ಹೆಂಡತಿ ಮಾರನೆಯ ದಿನವೇ ಅದರ ಮೇಲೆ ಟವೆಲ್ ಒಣಹಾಕಿದಳು. ಒದ್ದೆ ಟವೆಲ್ ಇದ್ದರೇ ಚೆನ್ನಾಗಿ ಕೇಳಿಸುತ್ತದೆ ಅಂತ ಅವನು ಈಗ ಎಲ್ಲರೆದುರು ಆಣೆ ಹಾಕುತ್ತಾನೆ. ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ನಗುವುದು ಹೋಗಲಿ, ನೀನು ಬೈದರೂ ಸಾಕಾಗಿತ್ತು ನನಗೆ.

ಬಿರುಗಾಳಿಯ ವಿಷಯ ನಿನಗೆ ಗೊತ್ತೇ ಇರಬೇಕು, ಇಲ್ಲಿಗೆ ಬರುವ ಮೊದಲು ಅದು ಸಮುದ್ರದ ನಡುವಿನ ನಿನ್ನ ಬಂಡೆಯ ಮೇಲೇ ಹಾದು ಬಂದಿತ್ತಲ್ಲ. ನಾವು ಕೊನೆಯ ಸಲ ಮಾತಾಡಿದ ದಿನವೇ ಅದು ಬೀಸಿದ್ದು. ಚಪ್ಪಲಿ ಅಂಗಡಿಯ ಕಟ್ಟಡದ ತಾರಸಿಯ ಮೇಲೆ ನಮ್ಮ ದೊಡ್ಡ ಆಂಟೆನಾ ಹಿಡಿತ ಸಡಿಲಾಗಿ ಗಿರಗಿರ ತಿರುಗಿತು. ಮಳೆ ನಿಲ್ಲುವ ಮೊದಲೇ ವೈರ್‌ಮನ್ ಕಂಬ ಹತ್ತಿ, ಕಣ್ಣಿಗೆ ನೀರು ಬಡಿಯುತ್ತಿದ್ದರೂ ಬೋಲ್ಟು ಬಿಗಿದು ಬಂದ. ಕೆಳಗಿನ ಕ್ಲಬ್ಬಿನ ಕೋಣೆಯಲ್ಲಿ ಆಂಟೆನಾ ತಿರುಗಿಸುವ ಪೆಟ್ಟಿಗೆಯ ಮುಳ್ಳು ಸರಿಯಾಗಿ ನಿನ್ನ ಬಂಡೆಯ ಕಡೆಗೇ ಇತ್ತು, ಎಲ್ಲರೂ ನಿಟ್ಟುಸಿರು ಬಿಟ್ಟೆವು. ನೀನಾದರೆ ಗುಂಡಿ ತಿರುಗಿಸಿದಾಗಲೆಲ್ಲ ಮೆಟ್ಟಿಲು ಹತ್ತಿ ಓಡುತ್ತಿದ್ದೆ. "ಮುಳ್ಳನ್ನ ನಂಬಬೇಡಿ, ತಲೆ ಎತ್ತಿ ನೋಡಿ" ಅನ್ನುತ್ತಿದ್ದೆ. ನಾವೆಲ್ಲ ಗೇಲಿ ಮಾಡುತ್ತಿದ್ದೆವು. ಈಗ ಆ ಮೆಟ್ಟಿಲು ಹತ್ತಲು ಯಾರ ಮಂಡಿಯೂ ಸರಿಯಿಲ್ಲ. ಅದರ ಮುಂದಿನ ವಾರದ ಸ್ಪರ್ಧೆಯಲ್ಲಿ ಕ್ಲಬ್ಬು ಸೋತು ಸುಣ್ಣವಾಯಿತು. ಸಮುದ್ರದ ಕಡೆಯ ಒಂದು ಪಿಳ್ಳೆಯೂ ಕೇಳಿಸಲಿಲ್ಲ. ಆದರೆ ಬೆಟ್ಟದ ಆಚೆಯವರು, ಎಂದೂ ಸಿಗದವರು, ಪಕ್ಕದ ಕೋಣೆಯಲ್ಲಿ ಕೂತ ಹಾಗೆ ಕೇಳಿಸಿದರು. ಈ ವರ್ಷ ಆಕಾಶವೇ ಸರಿಯಿಲ್ಲ ಅಂತ ತೀರ್ಮಾನ ಮಾಡಿ ಎಲ್ಲರೂ ಚಹಾ ಕುಡಿದು ಎದ್ದರು.

ಬಿರುಗಾಳಿಯ ಆ ದಿನದಿಂದ ನಿನ್ನ ದನಿ ಇಲ್ಲ ಗುಬ್ಬೀ. ಭಾನುವಾರ ಬೆಳಿಗ್ಗೆ ಎಂದಿನಂತೆ ಹಾಜರಿ ಕೂಗುತ್ತಾರೆ. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯ ರೇಡಿಯೊದಿಂದ "ಹಾಜರ್" ಅನ್ನುತ್ತಾರೆ. ನಿನ್ನ ಸರದಿ ಬಂದಾಗ ಹೆಸರು ಕೂಗಿ ಕಾಯುತ್ತಾರೆ, ಮತ್ತೆ ಕೂಗುತ್ತಾರೆ, ಮತ್ತೆ ಕಾಯುತ್ತಾರೆ. ಸ್ಪೀಕರಿನಲ್ಲಿ ಬರೀ ಸರ್ರ್ ಅನ್ನುವ ಸದ್ದು. ನಿನ್ನಷ್ಟು ದೂರದ ದನಿ ಹಿಡಿಯುವುದು ಕ್ಲಬ್ಬಿನ ದೊಡ್ಡ ಆಂಟೆನಾ ಒಂದೇ, ಅದಕ್ಕೇ ನಾನು ಅಲ್ಲೇ ಕೂತು ಕಿವಿಯನ್ನು ಸ್ಪೀಕರಿಗೆ ಒತ್ತಿ ಹಿಡಿದಿರುತ್ತೇನೆ. ಆಮೇಲೆ ನನ್ನ ಹೆಸರು ಕೂಗುತ್ತಾರೆ, ನಾನು ಹಾಜರ್ ಅನ್ನಬೇಕು. ಆ ಒಂದು ಮಾತು ಹೇಳುವಷ್ಟರಲ್ಲಿ ಜೀವ ಬಾಯಿಗೆ ಬಂದಿರುತ್ತದೆ.

ನೀನು ಮುನಿಸಿಕೊಂಡಿದ್ದೀಯಾ? ಅದೊಂದನ್ನು ಹೇಳಿಬಿಡು. ಇನ್ನೊಂದು ಅವಧಿಗೆ ಅಲ್ಲೇ ಇರುತ್ತೇನೆ, ಸಹಿ ಹಾಕಿಬಿಟ್ಟೆ ಅಂತ ನೀನು ಅವತ್ತು ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಇಡೀ ಕ್ಲಬ್ಬು ಕೇಳುತ್ತಿದೆ ಅನ್ನುವುದೂ ನೆನಪಾಗಲಿಲ್ಲ. "ಬರೋ ಮನಸ್ಸಿಲ್ಲದಿದ್ರೆ ಬರಲೇಬೇಡ, ನಾನೂ ಇನ್ನು ನಿನ್ನ ಹೆಸರು ಕೂಗಲ್ಲ" ಅಂದೆ. ಅಂದು ಮೈಕ್ ಆಫ್ ಮಾಡಿ ಎದ್ದು ಬಂದೆ. ನಿನ್ನ ಉತ್ತರ ಕೇಳಿಸಿಕೊಳ್ಳಲೂ ಇಲ್ಲ. ನೀನು ಚಿಕ್ಕವನಿದ್ದಾಗಲೂ ಹೀಗೇ, ಬೈದರೆ ಮುಖ ಊದಿಸಿಕೊಂಡು ಕಪಾಟಿನ ಹಿಂದೆ ಕೂರುತ್ತಿದ್ದೆ, ಕರೆದರೂ ಓಗೊಡುತ್ತಿರಲಿಲ್ಲ. ನಾನೇ ಸೋತು, ಕಪಾಟಿನ ಮೇಲೆ ಬೆರಳಿನಿಂದ ಟಕಟಕ ಬಡಿದರೆ ಮಾತ್ರ ಒಳಗಿನಿಂದ ತಿರುಗಿ ಬಡಿಯುತ್ತಿದ್ದೆ. ಅಮ್ಮ ಹೋದ ಮೇಲೆ ನಿನ್ನನ್ನು ಎತ್ತಿ ಆಡಿಸಿದವಳು ನಾನು, ನಿನ್ನ ಮೇಲೆ ರೇಗಲು ನನಗೆ ಅಷ್ಟೂ ಹಕ್ಕಿಲ್ಲವೇ? ಇಲ್ಲ ಅಂತಾದರೆ ಇಲ್ಲ, ಬಿಡು. ತಪ್ಪಾಯಿತು. ಎರಡು ಅವಧಿ ಇರು, ಹತ್ತು ಅವಧಿ ಇರು. ಒಂದು ಸಲ ಹಾಜರ್ ಅನ್ನು, ಸಾಕು.

ಹವಾಮಾನ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಯಿತು. ಆ ಬಂಡೆಯ ಮೇಲೆ ಒಬ್ಬನನ್ನೇ ಕೂರಿಸಿ ಬಂದವರು ಅವರು, ಆದರೆ ಅಲ್ಲಿನ ಅಧಿಕಾರಿ ಮುಖ ಎತ್ತಿ ನೋಡುವುದೂ ಕಷ್ಟ. ಬಂಡೆಯ ಮೇಲಿನ ಅವರ ಮಾತಾಡುವ ಯಂತ್ರ ಬಿರುಗಾಳಿಯಲ್ಲೇ ಕೆಟ್ಟಿದೆಯಂತೆ. "ಗಾಳಿ ಮಳೆ ಅಳೆಯೋ ಯಂತ್ರ ದಿನಾ ಲೆಕ್ಕ ಕಳಿಸ್ತಾ ಇದೆಯಲ್ಲಮ್ಮ, ಅಂದ್ರೆ ನಿಮ್ಮ ತಮ್ಮನೂ ಚೆನ್ನಾಗೇ ಇದಾನೆ" ಅಂತಾರೆ. ಆ ಯಂತ್ರ ತನ್ನಷ್ಟಕ್ಕೆ ತಾನೇ ಕಳಿಸುತ್ತದೆ ಅನ್ನುವುದು ನನಗೆ ಗೊತ್ತಿಲ್ಲವೇ? ಸಾಮಾನಿನ ದೋಣಿ ಈ ಭಾನುವಾರ ಹೊರಡುತ್ತದೆ. ಆದರೆ ಅದು ಪೆಟ್ಟಿಗೆಗಳನ್ನು ಕೆಳಗಿನ ಕಟ್ಟೆಯ ಮೇಲಿಟ್ಟು ತಿರುಗಿಬಿಡುತ್ತದೆ, ಮೇಲಿನ ಕೋಣೆಯವರೆಗೆ ಹತ್ತಿ ಯಾರೂ ನೋಡುವುದಿಲ್ಲ. ಒಬ್ಬರನ್ನು ಹತ್ತಿಸಿ ಅಂತ ಕೈಮುಗಿದೆ. ಕೋರಿಕೆ ಅಲ್ಲಿರುವವನಿಂದಲೇ ಬರಬೇಕು, ಮನೆಯವರು ಕೇಳಿದರೆ ಆಗುವುದಿಲ್ಲ ಅಂದರು. ನಾನೇ ಹೋಗುತ್ತೇನೆ ಅಂದೆ. ನಕ್ಕುಬಿಟ್ಟರು. ಈ ದೋಣಿ ಬಿಟ್ಟರೆ ಸಮುದ್ರ ಕೆರಳುತ್ತದೆ, ಮತ್ತೆ ದೋಣಿ ಹೋಗುವುದು ಚಳಿಗಾಲ ಕಳೆದ ಮೇಲೆ. ಅಷ್ಟು ದಿನ ನಾನು ಏನು ಮಾಡಲಿ ಹೇಳು.

ಮಾಡುವುದಿಷ್ಟೇ, ದಿನಾ ಸಂಜೆ ಕ್ಲಬ್ಬಿಗೆ ಹೋಗಿ ಮೈಕ್ ಹಿಡಿದು ನಿನ್ನ ಜೊತೆ ಮಾತಾಡುತ್ತೇನೆ. ನಮ್ಮದು ದೊಡ್ಡ ಯಂತ್ರ, ನಿನಗೆ ಕೇಳಿಸಿದರೂ ಕೇಳಿಸಬಹುದು ಅನ್ನುವ ಒಂದೇ ಆಸೆ. ಟೊಮೇಟೊ ದುಬಾರಿಯಾದದ್ದು, ಭಾವನ ಬಸ್ಸಿಗೆ ಹೊಸ ಸೀಟು ಬಂದದ್ದು, ಬಾಯಿಗೆ ಬಂದದ್ದೆಲ್ಲ ಹೇಳುತ್ತೇನೆ. ಇದಕ್ಕೆ ಕಾಯಿದೆ ಮಾಮನ ತಕರಾರು. ಬ್ಯಾಂಕಿನಿಂದ ನಿವೃತ್ತರಾದರೂ ನಮ್ಮ ಕಾರ್ಯದರ್ಶಿಗಳು ಕ್ಲಬ್ಬಿನಲ್ಲಿ ಇನ್ನೂ ಕೌಂಟರಿನ ಹಿಂದೆಯೇ ಕೂತಿದ್ದಾರೆ. ನಮ್ಮ ಪರವಾನಗಿಯಲ್ಲಿ ಇಬ್ಬರು ಮಾತಾಡಬೇಕು, ಒಬ್ಬರೇ ಮಾತಾಡುತ್ತಿದ್ದರೆ ಅದು ಪ್ರಸಾರವಾಗುತ್ತದೆ, ಕ್ಲಬ್ಬಿಗೆ ಬೀಗ ಬೀಳುತ್ತದೆ ಅಂತ ಅವರ ವಾದ. "ಉತ್ತರ ಬರದ ಮಾತು ಕಾಯಿದೆಗೆ ವಿರುದ್ಧ ಕಣಮ್ಮ" ಅಂದರು. ಹಾಗಾದರೆ ಉತ್ತರ ತರಿಸಿಕೊಡಿ ಅಂದೆ. ಅವರು ಕನ್ನಡಕ ಒರೆಸುತ್ತಾ ಆಚೆ ಹೋದರು. ಕೆಟ್ಟವರಲ್ಲ ಬಿಡು, ನಾನು ಮಾತಾಡುವಾಗ ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಾರೆ.

ಇನ್ನು ಆ ಮೈಕೂ ಇರುವುದಿಲ್ಲ. ಕಟ್ಟಡದ ಮಾಲೀಕರು ತಾರಸಿಯ ಮೇಲೆ ಮನೆ ಕಟ್ಟಿಸುತ್ತಾರಂತೆ, ನಾಳೆ ಕಂಬ ಇಳಿಸಿ ಕೋಣೆ ಖಾಲಿ ಮಾಡಬೇಕು. ಬೇರೆ ಜಾಗ ಸಿಗುವವರೆಗೆ ಎಲ್ಲ ಸಾಮಾನೂ ಡಾಕ್ಟರಮ್ಮನ ಗ್ಯಾರೇಜಿನಲ್ಲಿ. ಕಂಬ ಇಳಿದರೆ ನಿನಗೂ ನನಗೂ ನಡುವೆ ಉಳಿಯುವುದು ಈ ಕಾಗದ ಒಂದೇ. ನೀನು ಕೆಳಗೆ ಇಳಿದು ಬಂದು ಪೆಟ್ಟಿಗೆ ಬಿಚ್ಚಿದರೆ ತಾನೇ ಇದು ನಿನ್ನ ಕೈಗೆ ಸಿಗುವುದು? ಪೆಟ್ಟಿಗೆಯ ತಳದಲ್ಲಿಡಬೇಡಿ, ಮೇಲೇ ಇಡಿ ಅಂತ ಹೇಳುತ್ತೇನೆ. ದೋಣಿಯವರು ಸೈರನ್ ಊದಿದ ಕೂಡಲೇ ಬಂದು ನಿಂತುಕೋ. ನನ್ನ ಜೊತೆ ಮಾತು ಬೇಡವಾದರೆ ಬೇಡ, ಅವರಿಗೆ ಕೈ ಬೀಸು. ಕೈ ಬೀಸಿದ ಅಂತ ಅವರು ಬಂದು ಹೇಳಿದರೆ ನಾನು ಚಳಿಗಾಲವನ್ನು ಹೇಗಾದರೂ ಕಳೆಯುತ್ತೇನೆ.

ಭಾವ ನಿನ್ನನ್ನು ಕೇಳಿದ್ದಾರೆ. ಕ್ಲಬ್ಬಿನವರೆಲ್ಲ ಕೇಳಿದ್ದಾರೆ. ಎಲ್ಲಿದ್ದರೂ ನಿನ್ನ ಉಸಿರು ಗಟ್ಟಿಯಾಗಿರಲಿ, ನಿನ್ನ ಕೋಣೆಯ ದೀಪ ಆರದಿರಲಿ.

ನಿನ್ನನ್ನು ಬೈದು, ಆಮೇಲೆ ಒಂದು ದಿನವೂ ಸರಿಯಾಗಿ ನಿದ್ದೆ ಮಾಡದ
ಅಕ್ಕ

ತಾ.ಕ.: ಶನಿವಾರ ಸಂಜೆ, ಕ್ಲಬ್ಬಿನ ಕೋಣೆಯಿಂದ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗುತ್ತಿದೆ. ಗುಬ್ಬೀ, ನೀನು ಸಿಕ್ಕಿದೆ.

ಮಧ್ಯಾಹ್ನ ವೈರ್‌ಮನ್ ಕಂಬ ಇಳಿಸಲು ಬಂದ. ನಾನು ಜಗಳ ಮಾಡಲೆಂದೇ ತಾರಸಿ ಹತ್ತಿದೆ, ಬೋಲ್ಟಿಗೆ ಕೈ ಹಚ್ಚಿದರೆ ನೋಡು ಅಂತ ತಲೆ ಎತ್ತಿದೆ. ಎತ್ತಿದವಳು ಹಾಗೇ ನಿಂತುಬಿಟ್ಟೆ. ಆಂಟೆನಾದ ಚಿಕ್ಕ ಕಡ್ಡಿಗಳಿರುವ ತುದಿಯೇ ಅದರ ಮುಖ ಅಂತ ನನಗೆ ಹೇಳಿಕೊಟ್ಟವನು ನೀನೇ. ಆ ತುದಿ ಬೆಟ್ಟದ ಕಡೆಗಿತ್ತು. ಸಮುದ್ರಕ್ಕೆ ಅದರ ಬೆನ್ನು. ಕೆಳಗೆ ಬಂದು ನೋಡಿದರೆ ಮುಳ್ಳು ನಿನ್ನ ಬಂಡೆಯನ್ನೇ ತೋರಿಸುತ್ತಿದೆ. ಬಿರುಗಾಳಿಯಲ್ಲಿ ತಿರುಗಿ ನಿಂತದ್ದನ್ನು ಹಾಗೇ ಬಿಗಿದಿದ್ದೆವು. ಆಮೇಲೆ ಒಬ್ಬರೂ ಮೇಲೆ ಹತ್ತಿ ನೋಡಿರಲಿಲ್ಲ. ಇಷ್ಟು ದಿನವೂ ನಿನಗೆ ಬೆನ್ನು ಹಾಕಿ ಕೂತು, ಉತ್ತರ ಕೊಡು ಅಂತ ಅಳುತ್ತಿದ್ದೆ ನಾನು.

ಆಂಟೆನಾದ ಮುಖ ಸಮುದ್ರದ ಕಡೆ ಬರುವವರೆಗೆ ಗುಂಡಿ ತಿರುಗಿಸಿದೆವು. ನಾನು ಮೈಕ್ ಮುಟ್ಟಲಿಲ್ಲ, ಮೋರ್ಸ್ ಬಡಿಯುವ ಕೀ ಹಿಡಿದು ಕಪಾಟಿನ ಮೇಲೆ ಬಡಿಯುತ್ತಿದ್ದ ಹಾಗೆ ನಿನ್ನ ಹೆಸರು ಬಡಿದೆ. ಸರ್ರ್ ಅನ್ನುವ ಸದ್ದಿನ ಅಡಿಯಿಂದ ಸಣ್ಣಗೆ ನಿನ್ನ ಕೈಯ ಬಡಿತ ಬಂತು. ಅಷ್ಟು ನಿಧಾನವಾಗಿ ನೀನು ಎಂದೂ ಬಡಿದವನಲ್ಲ. ಡಾಕ್ಟರಮ್ಮ ಗಟ್ಟಿಯಾಗಿ ಓದುತ್ತಾ ಹೋದರು: "ಅಕ್ಕಾ ಕೇಳ್ತಿದೆ. ದಿನಾ ಕೇಳ್ತಿತ್ತು. ಪ್ರತಿ ಭಾನುವಾರ ಹಾಜರ್ ಅಂದಿದೀನಿ. ಗಾಳೀಲಿ ಬಿದ್ದು ಕಾಲು ಮುರೀತು. ಜ್ವರ. ಮುನಿಸಿಲ್ಲ." ಅಷ್ಟಕ್ಕೇ ನಿಂತಿತು. ನಿನ್ನ ಬ್ಯಾಟರಿ ಸೋತಿತೋ, ನೀನೇ ಸೋತೆಯೋ ಗೊತ್ತಾಗಲಿಲ್ಲ. ಆಮೇಲೆ ಎಷ್ಟು ಬಡಿದರೂ ಬರಲಿಲ್ಲ.

ನಿನ್ನ ಭಾವ ಹವಾಮಾನ ಅಧಿಕಾರಿಯನ್ನು ಮನೆಯಿಂದಲೇ ಎಬ್ಬಿಸಿಕೊಂಡು ಬಂದರು. ಟೇಪಿನಲ್ಲಿ ಹಿಡಿದಿಟ್ಟಿದ್ದ ನಿನ್ನ ಬಡಿತ ಕೇಳಿಸಿದೆವು. ಅಲ್ಲಿರುವವನಿಂದಲೇ ಕೋರಿಕೆ ಬರಬೇಕು ಅಂದಿದ್ದರಲ್ಲ, ಈಗ ಬಂತಲ್ಲ ಅಂದೆ. ಅವರು ದೋಣಿಯವರಿಗೆ ಫೋನ್ ಮಾಡಿದರು. ದೋಣಿ ನಾಳೆಯವರೆಗೆ ಕಾಯದೆ ಈಗಲೇ ಹೊರಡುತ್ತಿದೆ, ನಾನೂ ಅದರಲ್ಲಿ ಬರುತ್ತಿದ್ದೇನೆ. ಜೊತೆಗೆ ಒಬ್ಬ ನರ್ಸು, ಮತ್ತೆ ಹಲ್ಲು ಡಾಕ್ಟರಮ್ಮ. ಹಲ್ಲೂ ಮೂಳೆಯೇ ತಾನೇ ಅನ್ನುತ್ತಾ ಔಷಧಿಯ ಪೆಟ್ಟಿಗೆ ಹೊತ್ತುಕೊಂಡು ನನಗಿಂತ ಮುಂಚೆ ಮೆಟ್ಟಿಲಿಳಿದರು. ಮಾಲೀಕರು ಬಂದು ಕೂಗಾಡುತ್ತಿದ್ದಾರೆ, ವೈರ್‌ಮನ್ ಕಂಬದ ಬುಡ ತಬ್ಬಿಕೊಂಡು ಕೂತವನು ಏಳುತ್ತಿಲ್ಲ.

ಈ ಪತ್ರ ಪೆಟ್ಟಿಗೆಗೆ ಹೋಗುವುದಿಲ್ಲ. ಕಾಯಿದೆ ಮಾಮನ ಕೈಗೆ ಕೊಡುತ್ತಿದ್ದೇನೆ. ದೋಣಿ ನಿನ್ನನ್ನು ಮುಟ್ಟುವವರೆಗೆ ಅವರು ಇದನ್ನು ಮೈಕಿನಲ್ಲಿ ನಿನಗೆ ಓದುತ್ತಿರುತ್ತಾರೆ, ಮುಗಿದರೆ ಮತ್ತೆ ಮೊದಲಿನಿಂದ. ಉತ್ತರ ಬರದ ಮಾತು ಕಾಯಿದೆಗೆ ವಿರುದ್ಧವಲ್ಲವೇ ಮಾಮ ಅಂದೆ. "ನೀನು ದೋಣಿ ಹತ್ತಮ್ಮ" ಅಂದರು.

ಆದ್ದರಿಂದ ಈಗ ನಿನಗೆ ಕೇಳಿಸುತ್ತಿರುವುದು ಅವರ ದನಿ, ಮಾತು ನನ್ನದು. ಇಷ್ಟು ದಿನ ಉತ್ತರ ಕೊಡು ಅಂತ ಬೇಡಿದವಳು ಹೇಳುತ್ತಿದ್ದೇನೆ, ಈಗ ಉತ್ತರ ಕೊಡಬೇಡ ಕಂದಾ. ಕೀ ಮುಟ್ಟಬೇಡ. ಬ್ಯಾಟರಿ ಉಳಿದಷ್ಟು ಹೊತ್ತು ಕೇಳಿಸಿಕೊಳ್ಳುತ್ತಾ ಎಚ್ಚರವಾಗಿರು. ಸೈರನ್ ಊದಿದರೆ ಏಳಬೇಡ, ಬಾಗಿಲಿಗೆ ಅಗುಳಿ ಹಾಕಿದ್ದರೂ ಏಳಬೇಡ. ನಾನು ಹೊರಗಿನಿಂದ ಟಕಟಕ ಬಡಿಯುತ್ತೇನೆ. ನೀನು ಒಳಗಿನಿಂದ ಒಂದು ಸಲ ಬಡಿ.