ಗುಂಡಿ ಕಾರ್ಖಾನೆಯ ಬಾಗಿಲು

ಹೊಲಿಗೆ ಅಂಗಡಿಯಿಂದ,
ಮಾರ್ಚ್ ೧೨, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕಣ್ಣಿನ ಆಪರೇಷನ್ ಆದಮೇಲೆ ಮೂರು ವಾರ ಏನೂ ಓದಬಾರದು ಅಂದಿದ್ದರಂತೆ ಡಾಕ್ಟರು. ಇವತ್ತಿಗೆ ಇಪ್ಪತ್ತೆರಡು ದಿನ, ಅದಕ್ಕೇ ಕಾದು ಬರೆಯುತ್ತಿದ್ದೇನೆ. ಇದನ್ನು ನಿನ್ನ ಮಗಳ ಕೈಯಲ್ಲಿ ಓದಿಸಬೇಡ, ನಿಧಾನವಾಗಿಯಾದರೂ ನೀನೇ ಓದು. ಮಂಡಿನೋವು ಹೇಗಿದೆ? ನಲವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಒದ್ದೆ ನೆಲದ ಮೇಲೆ ನಿಂತವಳ ಮಂಡಿ ನೋಯದೆ ಇನ್ಯಾರದು ನೋಯಬೇಕು ಹೇಳು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮಗ, ಸೊಸೆ ತಮ್ಮ ತಮ್ಮ ಕೆಲಸದಲ್ಲಿದ್ದಾರೆ. ಮೊಮ್ಮಗಳು ನಾಲ್ಕನೇ ಕ್ಲಾಸು, ಬೆಳಗಾದರೆ ಪ್ರಶ್ನೆ, ಸಂಜೆಯಾದರೆ ಪ್ರಶ್ನೆ. ನಾವೆಲ್ಲ ಅವಳನ್ನು ಪ್ರಶ್ನೆಪತ್ರಿಕೆ ಅಂತಲೇ ಕರೆಯುತ್ತೇವೆ. ನಾನು ಮಾತ್ರ ಒಂದು ವಾರದಿಂದ ಸಿಟ್ಟಿನಲ್ಲಿ ಕುದಿಯುತ್ತಿದ್ದೇನೆ. ಊಟ ಸೇರುತ್ತಿಲ್ಲ. ನಿನ್ನೆ ಯಾರದೋ ಕೋಟಿನ ಎಡತೋಳನ್ನು ಬಲಕ್ಕೆ ಹೊಲಿದು, ಮತ್ತೆ ಬಿಚ್ಚಿದೆ.

ಆದದ್ದು ಇಷ್ಟು. ಹೋದ ಬುಧವಾರ ಮೊಮ್ಮಗಳು ಶಾಲೆಯ ಲೈಬ್ರರಿಯಿಂದ ಒಂದು ಪುಸ್ತಕ ತಂದಳು. ಅವರ ಕ್ಲಾಸಿನ ಮಕ್ಕಳೆಲ್ಲ ಈ ತಿಂಗಳು ಒಂದೊಂದು ಐತಿಹಾಸಿಕ ಕಥೆಪುಸ್ತಕ ಓದಿ, ‘ಆ ಕಾಲದಲ್ಲಿ ನಾನಿದ್ದಿದ್ದರೆ’ ಅಂತ ಒಂದು ಪುಟ ಬರೆಯಬೇಕಂತೆ. ಐತಿಹಾಸಿಕ ಅಂದಮೇಲೆ ರಾಜ, ಕುದುರೆ, ಕತ್ತಿ ಇರುತ್ತದೆ ಅಂದುಕೊಂಡೆ. ನಾನು ಒಂದು ಪ್ಯಾಂಟಿನ ಅಂಚು ಬಿಚ್ಚುತ್ತಿದ್ದೆ, ಅವಳು ಮೇಜಿನ ಕೆಳಗೆ ತುಂಡುಬಟ್ಟೆಯ ರಾಶಿಗೆ ಒರಗಿ ಜೋರಾಗಿ ಓದುತ್ತಿದ್ದಳು. ‘ಬಹಳ ಬಹಳ ಹಿಂದೆ, ಅಂಗಿಗೆ ಹಾಕುವ ಮುತ್ತಿನಂಥ ಗುಂಡಿಗಳನ್ನು ಮಾಡುವ ಒಂದು ಕಾರ್ಖಾನೆ ಇತ್ತು’ ಅಂತ ಶುರು. ಬಹಳ ಬಹಳ ಹಿಂದೆಯಂತೆ. ನಾವಿಬ್ಬರೂ ಇನ್ನೂ ಉಸಿರಾಡುತ್ತಿದ್ದೇವೆ, ಆಗಲೇ ನಮ್ಮನ್ನು ಇತಿಹಾಸಕ್ಕೆ ಸೇರಿಸಿಬಿಟ್ಟಿದ್ದಾರೆ. ಎರಡನೇ ಪುಟಕ್ಕೆ ಹಸಿರು ಗೇಟು ಬಂತು, ಕಬ್ಬಿಣದ ಸುರುಳಿ ಮೆಟ್ಟಿಲು ಬಂತು, ಉದ್ದನೆಯ ಮೇಜಿನ ಎರಡೂ ಬದಿಗೆ ಕೂತು ಗುಂಡಿಗಳನ್ನು ರಟ್ಟಿಗೆ ಹೊಲಿಯುವ ಹುಡುಗಿಯರು ಬಂದರು. ನನ್ನ ಕೈ ನಿಂತಿತು. ನಮ್ಮ ಕಾರ್ಖಾನೆಯೇ, ಅಕ್ಕಾ. ಅನುಮಾನವೇ ಇಲ್ಲ.

ಪುಸ್ತಕದ ಹೆಸರು ‘ಪುಟ್ಟ ಯಜಮಾನಿಯ ಕೀಲಿಕೈ’. ಚಿತ್ರ ನೋಡಿದರೆ ನೀನು ಪುಸ್ತಕವನ್ನೇ ಬಿಸಾಡುತ್ತಿದ್ದೆ. ಒಬ್ಬೊಬ್ಬ ಹುಡುಗಿಗೂ ಇಸ್ತ್ರಿ ಮಾಡಿದ ರಿಬ್ಬನ್ನು, ಕಾಲಿಗೆ ಬೂಟು. ಸೂಜಿ ಚುಚ್ಚಿದ ಬೆರಳಿಗೆ ನಾವು ಸುತ್ತಿಕೊಳ್ಳುತ್ತಿದ್ದ ಚಿಂದಿ ಎಲ್ಲೂ ಇಲ್ಲ. ಕಿಟಕಿಯಲ್ಲಿ ಹೂಕುಂಡ ಇಟ್ಟಿದ್ದಾರೆ. ನಾವು ಹೊರಗೆ ನೋಡುತ್ತಾ ಕೂರಬಾರದು ಅಂತ ಗಾಜಿಗೆಲ್ಲ ಸುಣ್ಣ ಬಳಿದಿದ್ದರಲ್ಲ, ಆ ಕಿಟಕಿಯಲ್ಲಿ. ಮೇಸ್ತ್ರಿ ಹೊಟ್ಟೆ ಕುಣಿಸಿ ನಗುವ ದೊಡ್ಡಪ್ಪನ ಹಾಗಿದ್ದಾನೆ. ಕಥೆ ಏನಪ್ಪಾ ಅಂದರೆ, ಕಾರ್ಖಾನೆಯ ಹಿಂದೆ ಒಂದು ಹೂತೋಟ, ಅದಕ್ಕೆ ಬೀಗ. ಯಜಮಾನರ ಮಗಳಿಗೆ ಕೆಲಸದ ಹುಡುಗಿಯರ ಮೇಲೆ ಕನಿಕರ ಹುಟ್ಟಿ, ಅಪ್ಪನನ್ನು ಕಾಡಿ ಬೇಡಿ ತೋಟದ ಕೀಲಿಕೈ ತಂದುಕೊಡುತ್ತಾಳೆ. ಎಲ್ಲರೂ ಆಡಿ ನಲಿಯುತ್ತಾರೆ. ಆದರೆ ಅವರಲ್ಲಿ ಒಬ್ಬಳು ಕೆಟ್ಟ ಹುಡುಗಿ, ಹೆಸರೇ ‘ಸಿಡುಕಿ’. ಹೊಟ್ಟೆಕಿಚ್ಚಿಗೆ ತೋಟದ ಬಾಗಿಲು ಮುರಿದು, ಕೀಲಿಕೈ ಕೊಡಲೇ ಇಲ್ಲ, ಬೀಗ ಹಾಕಿದ್ದರು ಅಂತ ದೊಡ್ಡ ಸಾಹೇಬರ ಮುಂದೆ ಸುಳ್ಳು ಹೇಳುತ್ತಾಳೆ. ಕೊನೆಗೆ ಪುಟ್ಟ ಯಜಮಾನಿಯ ಕಾಲ ಬಳಿ ಕೂತು ಅಳುತ್ತಾ ಕ್ಷಮೆ ಕೇಳುತ್ತಾಳೆ. ಅಕ್ಕಾ, ಸಿಡುಕಿ ಅಂದರೆ ನೀನು. ನಿನ್ನ ಹಾಗೇ ಎಡಗೈ ರೂಢಿಯವಳು ಅಂತ ಕೂಡ ಬರೆದಿದ್ದಾರೆ.

ನಡೆದದ್ದು ನಿನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬರೆಯುತ್ತೇನೆ, ಎಲ್ಲಾದರೂ ಒಂದು ಕಡೆ ಇದ್ದದ್ದು ಇದ್ದ ಹಾಗೆ ಬರೆದಿರಲಿ. ಹೂತೋಟವೂ ಇಲ್ಲ, ಮಣ್ಣೂ ಇಲ್ಲ. ಅದು ಪಾಯಿಖಾನೆ ಬಾಗಿಲು. ಅದರ ಕೀಲಿಕೈಯನ್ನು ಮೇಸ್ತ್ರಿ ಕಪ್ಪು ದಾರದಲ್ಲಿ ಕೊರಳಿಗೆ ಹಾಕಿಕೊಂಡಿದ್ದ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ತೆಗೆಯುತ್ತಿದ್ದ, ಅಷ್ಟೇ. ನನಗೆ ಒಂಬತ್ತು, ನಿನಗೆ ಹನ್ನೊಂದು. ಒಂದು ದಿನ ನನಗೆ ಹೊಟ್ಟೆ ಕೆಟ್ಟು, ಎರಡು ಸಲ ಕೇಳಿದರೂ ಅವನು ಕೀಲಿಕೈ ಕೊಡದೆ, ನಾನು ಕೂತಲ್ಲೇ ಬಟ್ಟೆ ಹಾಳು ಮಾಡಿಕೊಂಡೆ. ಮೇಜಿಗೆ ಮೇಜೇ ಮೂಗು ಮುಚ್ಚಿಕೊಂಡಿತು. ಮಾರನೇ ದಿನ ಊಟದ ಹೊತ್ತಿನಲ್ಲಿ ನೀನು ದಾರ ಕತ್ತರಿಸುವ ಕತ್ತರಿಯ ತುದಿಯಿಂದ ಆ ಬಾಗಿಲ ಕೀಲಿನ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದೆ. ನಾಲ್ಕು ಜನ ಹುಡುಗಿಯರನ್ನು ಕಟ್ಟಿಕೊಂಡು ಬೀಗದ ಸಮೇತ ಬಾಗಿಲನ್ನು ಹೊತ್ತು, ಸುರುಳಿ ಮೆಟ್ಟಿಲು ಹತ್ತಿ, ಯಜಮಾನರ ಕೋಣೆಗೆ ಹೋಗಿ ಮೇಜಿಗೆ ಒರಗಿಸಿದೆ. “ಇದು ನಮಗೆ ಬೇಡ, ನೀವೇ ಇಟ್ಕೊಳ್ಳಿ” ಅಂದೆ. ಯಜಮಾನರ ಮಗಳು ಆಗ ಅಲ್ಲೇ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ಇಡೀ ಕಥೆಯಲ್ಲಿ ಅವಳ ಪಾತ್ರ ಅಷ್ಟೇ. ಆ ಬಿಸ್ಕತ್ತು ತಿಂದವಳು ಈಗ ಪುಸ್ತಕದ ರಕ್ಷಾಪುಟದ ಚಿತ್ರದಲ್ಲಿ ನಗುತ್ತಾ ನಿಂತಿದ್ದಾಳೆ.

ಶುಕ್ರವಾರ ಆ ಪುಸ್ತಕ ಬರೆದ ಲೇಖಕಿಯೇ ಶಾಲೆಗೆ ಬಂದಿದ್ದಳು, ಮಕ್ಕಳಿಗೆ ಓದಿ ಹೇಳಲು. ದೊಡ್ಡವರೂ ಬರಬಹುದು ಅಂತ ಚೀಟಿ ಕಳಿಸಿದ್ದರು. ಅಂಗಡಿಗೆ ಬೀಗ ಹಾಕಿ ಹೋದೆ. ಪುಟಾಣಿ ಕುರ್ಚಿ, ಕೂತರೆ ಏಳುವುದು ಕಷ್ಟ, ಆದರೂ ಮುಂದಿನ ಸಾಲಿನಲ್ಲೇ ಕೂತೆ. ಲೇಖಕಿ ಇನ್ನೂ ಚಿಕ್ಕವಳು, ನಿನ್ನ ಮಗಳ ವಯಸ್ಸು. ಧ್ವನಿ ಮೃದು. ಹಳೆಯ ಗುಂಡಿ ರಟ್ಟೊಂದನ್ನು ಎಲ್ಲಿಂದಲೋ ಹುಡುಕಿ ತಂದು ಮಕ್ಕಳ ಕೈಗೆ ಕೊಟ್ಟಿದ್ದಳು. ಓದಿ ಮುಗಿಸಿದ ಮೇಲೆ ಪ್ರಶ್ನೆ ಕೇಳಿ ಅಂದಳು. ನಮ್ಮ ಪ್ರಶ್ನೆಪತ್ರಿಕೆ ಸುಮ್ಮನಿರುತ್ತಾಳೆಯೇ? “ಬೀಗ ಹಾಕಿದ್ರು ಅಂತ ಸಿಡುಕಿ ಅಷ್ಟು ಸಲ ಹೇಳ್ತಾಳಲ್ಲ, ಯಾರೂ ಯಾಕೆ ನಂಬಲ್ಲ?” ಅಂದಳು. “ಅವಳು ಸುಳ್ಳು ಹೇಳ್ತಿದ್ಲಲ್ಲ ಪುಟ್ಟಾ, ಅದಕ್ಕೆ” ಅಂದಳು ಲೇಖಕಿ.

ನಾನು ಎದ್ದುಬಿಟ್ಟೆ. ಕುರ್ಚಿಯೂ ನನ್ನ ಜೊತೆಗೇ ಎದ್ದಿತು, ಅದನ್ನು ಬಿಡಿಸಿಕೊಂಡು ಹೇಳಿದೆ: “ಸುಳ್ಳು ಹೇಳಿದ್ದು ಅವಳಲ್ಲಮ್ಮಾ. ಅದು ತೋಟದ ಬಾಗಿಲೂ ಅಲ್ಲ. ಪಾಯಿಖಾನೆ ಬಾಗಿಲು. ನಾನು ಆ ಮೇಜಿನಲ್ಲಿ ಕೂತು ಗುಂಡಿ ಹೊಲಿದವಳು.” ಪಾಯಿಖಾನೆ ಅಂದರೇನು ಅಂತ ಮಕ್ಕಳಲ್ಲಿ ಗುಸುಗುಸು ಆಯಿತು. ಟಾಯ್ಲೆಟ್ಟು ಅಂತ ಗೊತ್ತಾದದ್ದೇ ತಡ, ಬಿದ್ದು ಬಿದ್ದು ನಕ್ಕವು. ಟೀಚರ್ ಮುಖ ಕೆಂಪಾಯಿತು. ಆಮೇಲೆ ಮುಂದೆ ಕೂತಿದ್ದ ಒಂದು ಮಗು ಕೇಳಿತು: “ಅಜ್ಜಿ, ತಡ್ಕೊಳ್ಳಕ್ಕೆ ಆಗ್ದೇ ಇದ್ರೆ ಏನ್ ಮಾಡ್ತಿದ್ರಿ?” ನಾನು ಮುಚ್ಚುಮರೆ ಇಲ್ಲದೆ ಹೇಳಿದೆ: “ಅದೇ ಬಟ್ಟೆಯಲ್ಲಿ ಸಂಜೆವರೆಗೂ ಕೂತಿರ್ತಿದ್ವಿ ಮಗು. ನಾನು ಕೂತಿದ್ದೆ.” ಆಗ ಯಾರೂ ನಗಲಿಲ್ಲ. ಅರುವತ್ತು ವರ್ಷ ಈ ಮಾತನ್ನು ನನ್ನ ಗಂಡನಿಗೂ ಹೇಳಿದವಳಲ್ಲ, ಎಂಬತ್ತು ಮಕ್ಕಳ ಮುಂದೆ ಹೇಳಿದೆ. ಹೇಳಿ ಸಾಯಲಿಲ್ಲ, ನೋಡು.

ಎಲ್ಲ ಮುಗಿದ ಮೇಲೆ ಲೇಖಕಿ ತಾನಾಗಿಯೇ ನನ್ನನ್ನು ಲೈಬ್ರರಿಗೆ ಕರೆದುಕೊಂಡು ಹೋದಳು. ಪಾಯಿಖಾನೆ ಅಂತಲೇ ಮೊದಲು ಬರೆದಿದ್ದಳಂತೆ. “ಎಂಟೊಂಬತ್ತು ವರ್ಷದವರ ಪುಸ್ತಕದಲ್ಲಿ ಅದು ಚೆನ್ನಾಗಿರಲ್ಲ ಅಂತ ಪ್ರಕಾಶಕರು ತೆಗೆಸಿದ್ರು” ಅಂದಳು. “ಯಾಕಮ್ಮಾ, ಎಂಟೊಂಬತ್ತು ವರ್ಷದವರು ಅಲ್ಲಿಗೆ ಹೋಗೋದೇ ಇಲ್ವಾ?” ಅಂದೆ. ಸರಿ, ಅದಾದರೂ ಪ್ರಕಾಶಕರ ತಲೆಯಿಂದ ಬಂದದ್ದು, ಆ ಸಿಡುಕಿಯನ್ನು ಎಲ್ಲಿಂದ ಹುಟ್ಟಿಸಿದೆ, ಕಾರ್ಖಾನೆಯವರು ಏನಾದರೂ ಕೊಟ್ಟು ಬರೆಸಿದರಾ ಅಂತ ಬಾಯಿಗೆ ಬಂದ ಹಾಗೆ ಕೇಳಿದೆ. ಅವಳು ಸಿಟ್ಟಾಗಲಿಲ್ಲ. “ನಾನು ಹುಟ್ಟಿಸಿದ್ದಲ್ಲಮ್ಮಾ, ದಾಖಲೆ ಇದೆ” ಅಂತ ಚೀಲದಿಂದ ಒಂದು ಕಾಗದ ತೆಗೆದಳು. ಬಾಗಿಲು ಕಿತ್ತ ಹತ್ತು ದಿನಕ್ಕೆ ಕಾರ್ಖಾನೆಗಳ ಇನ್ಸ್ಪೆಕ್ಟರ್ ಸಾಹೇಬರು ವಿಚಾರಣೆಗೆ ಬಂದಿದ್ದರಲ್ಲ, ಅಷ್ಟರಲ್ಲಿ ಹೊಸ ಬಣ್ಣ ಬಳಿದು ಬಾಗಿಲನ್ನು ಮತ್ತೆ ನಿಲ್ಲಿಸಿ ಬೀಗವನ್ನೂ ತೆಗೆಸಿದ್ದರಲ್ಲ, ಆವತ್ತಿನ ವರದಿಯ ನಕಲು. ಹಳೆಯ ದಾಖಲೆಗಳ ಕಚೇರಿಯಲ್ಲಿ ಸಿಕ್ಕಿತಂತೆ.

ಎಡಗೈ ರೂಢಿಯವಳು ಅಂತ ಗುರುತು ಹಾಕಿ, ನೀನು ಹೇಳಿದ್ದು ಅದರಲ್ಲಿ ಎರಡೇ ಸಾಲು. ಬೀಗ ಹಾಕುತ್ತಿದ್ದರು, ಬಾಗಿಲು ಬಿಚ್ಚಿದ್ದು ನಾನೇ, ಬೇಕಾದರೆ ಸ್ಕ್ರೂ ನೋಡಿ ಅಂತ. ಅದರ ಕೆಳಗೆ ‘ಒಂಬತ್ತು ವರ್ಷದ ಕೆಲಸದ ಹುಡುಗಿ’ ಅಂತ ಇನ್ನೊಂದು ಹೇಳಿಕೆ, ಹೆಸರಿಲ್ಲ. ಬೀಗ ಯಾವತ್ತೂ ಹಾಕುತ್ತಿರಲಿಲ್ಲ, ಯಜಮಾನರ ಮಗಳೇ ಕೀಲಿಕೈಯನ್ನು ನಮ್ಮ ಕೈಗೆ ಕೊಟ್ಟಿದ್ದರು, ಬಾಗಿಲನ್ನು ಯಾರೂ ಬಿಚ್ಚಿಲ್ಲ ಅಂತ. ಕೊನೆಗೆ ಸಾಹೇಬರ ಷರಾ: ‘ದೊಡ್ಡ ಹುಡುಗಿ ಸುಳ್ಳುಗಾತಿ, ಉಳಿದವರನ್ನು ಕೆಡಿಸುವವಳು.’ ಆ ಒಂದು ಸಾಲು ನಿನ್ನನ್ನು ಕೆಲಸದಿಂದ ತೆಗೆಸಿತು. ಈ ಊರಲ್ಲಿ ಇನ್ಯಾವ ಕಾರ್ಖಾನೆಯೂ ಸೇರಿಸಿಕೊಳ್ಳದೆ ನಿನ್ನನ್ನು ಸೋದರತ್ತೆಯ ಊರಿಗೆ ಅಟ್ಟಿತು. ಅರುವತ್ತು ವರ್ಷ ಆದಮೇಲೆ ಮಕ್ಕಳ ಪುಸ್ತಕಕ್ಕೂ ಅದೇ ಬಂತು. ಲೇಖಕಿ ಹೇಳಿದಳು: “ಮುಂದಿನ ಮುದ್ರಣದಲ್ಲಿ ಪೂರ್ತಿ ತಿದ್ದಿ ಬರೀತೀನಿ, ಪ್ರಕಾಶಕರ ಹತ್ರ ಜಗಳ ಆಡೋದು ನನ್ನ ಪಾಲಿಗಿರಲಿ. ಆದ್ರೆ ಈ ಚಿಕ್ಕ ಹುಡುಗಿ ಹೇಳಿದ್ದು ಸುಳ್ಳು ಅಂತ ಗೊತ್ತಿರೋರು ಯಾರಾದ್ರೂ ಬರೆದುಕೊಡಬೇಕು. ಗುರುವಾರ ಮತ್ತೆ ಬರ್ತೀನಿ.” ನಾನು ಆಗಲಿ ಎಂದೂ ಹೇಳದೆ, ಇಲ್ಲ ಎಂದೂ ಹೇಳದೆ ಎದ್ದು ಬಂದೆ.

ಆವತ್ತಿನಿಂದ ಕಂಡಕಂಡವರ ಮೇಲೆಲ್ಲ ರೇಗುತ್ತಿದ್ದೇನೆ. ಪ್ರಕಾಶಕರು, ಚಿತ್ರ ಬರೆದವರು, ಸತ್ತು ಮಣ್ಣಾದ ಆ ಸಾಹೇಬರು, ಮೇಸ್ತ್ರಿ, ಒಬ್ಬರನ್ನೂ ಬಿಟ್ಟಿಲ್ಲ. ಸೊಸೆಯಂತೂ ನಾನು ಅಂಗಡಿಗೆ ಹೊರಟರೆ ಸಾಕು ಅನ್ನುವ ಹಾಗಾಗಿದ್ದಾಳೆ. ಮೊಮ್ಮಗಳು ಬೇರೆ ಬೆನ್ನು ಹತ್ತಿದ್ದಾಳೆ: “ಅಜ್ಜಿ, ಆ ಸುಳ್ಳು ಹೇಳಿದ್ದು ಯಾರು? ನಿಮಗೆ ಗೊತ್ತಲ್ವಾ?” ಬಟ್ಟೆ ಇಸ್ತ್ರಿ ಮಾಡಬೇಕು ಅಂತ ಎದ್ದು ಹೋಗುತ್ತೇನೆ.

ಕಣ್ಣಿಗೆ ಹಾಕುವ ಹನಿ ತಪ್ಪಿಸಬೇಡ. ಬಗ್ಗಿ ಏನನ್ನೂ ಎತ್ತಬೇಡ. ನಿನ್ನ ಮಗಳಿಗೂ ಅಳಿಯನಿಗೂ ನಾನು ಕೇಳಿದೆನೆಂದು ಹೇಳು. ಮನೆಯವರೆಲ್ಲರ ಪರವಾಗಿ ನಿನಗೆ ನಮಸ್ಕಾರ. ನನ್ನ ಮೇಲೆ ನಿನ್ನ ಆಶೀರ್ವಾದ ಇರಲಿ ಅಂತ ಬರೆಯಲು ಕೈ ಬರುತ್ತಿಲ್ಲ, ಮೊಮ್ಮಗಳ ಮೇಲಿರಲಿ.

ನಿನ್ನ ತಂಗಿ

ತಾಜಾಕಲಮು: ಲಕೋಟೆ ಅಂಟಿಸಿದ್ದವಳು ಮತ್ತೆ ಹರಿದೆ. ಆ ಒಂಬತ್ತು ವರ್ಷದ ಹುಡುಗಿ ನಾನೇ, ಅಕ್ಕಾ. ಆವತ್ತು ಸಾಹೇಬರು ನಿನ್ನನ್ನು ವಿಚಾರಿಸಿ ಹೊರಗೆ ಕಳಿಸಿದ ಮೇಲೆ ನನ್ನನ್ನು ಒಳಗೆ ಕರೆದರು. ಬಾಗಿಲಲ್ಲಿ ಮೇಸ್ತ್ರಿ ನನ್ನ ಭುಜ ಹಿಡಿದು, “ಬಾಗಿಲು ಕಿತ್ತಿದ್ದಕ್ಕೆ ನಿಮ್ಮಕ್ಕನ್ನ ಪೊಲೀಸರು ಕರ್ಕೊಂಡು ಹೋಗ್ತಾರೆ. ಯಾರೂ ಕಿತ್ತಿಲ್ಲ ಅಂದ್ಬಿಡು, ಉಳ್ಕೋತಾಳೆ” ಅಂದ. ಏನೇನು ಹೇಳಬೇಕು ಅಂತ ಅವನೇ ಹೇಳಿಕೊಟ್ಟ. ನಿನ್ನನ್ನು ಉಳಿಸಲು ಹೇಳಿದೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ, ಅದು ಅರ್ಧ ಮಾತ್ರ ನಿಜ. ಚಳಿಗಾಲಕ್ಕೆ ಒಲೆಯ ಪಕ್ಕದ ಜಾಗ ಕೊಡುತ್ತೇನೆ ಅಂತಲೂ ಅಂದಿದ್ದ. ಕೊಟ್ಟ. ನಿನ್ನನ್ನು ಊರಿನಿಂದ ಕಳಿಸಿದ ಮೇಲೆ ಮೂರು ಚಳಿಗಾಲ ನಾನು ಅಲ್ಲಿ ಬೆಚ್ಚಗೆ ಕೂತಿದ್ದೆ. ಮೇಜಿನ ಕೊನೆಯಲ್ಲಿ ಕೂರುತ್ತಿದ್ದ ತೊದಲಿಯೇ ಹಾಗೆ ಹೇಳಿದ್ದು ಅಂತ ನೀನು ನಂಬಿ, ಅವಳು ಮದುವೆಗೆ ಕರೆದರೂ ಹೋಗಲಿಲ್ಲ. ಆಗಲೂ ನಾನು ಬಾಯಿ ಬಿಡಲಿಲ್ಲ. ಗುರುವಾರ ಲೇಖಕಿಗೆ ಇದನ್ನೆಲ್ಲ ಬರೆದು, ಕೆಳಗೆ ನನ್ನ ಹೆಸರು ಹಾಕಿ ಕೊಡುತ್ತೇನೆ. ನಿನ್ನ ಒಪ್ಪಿಗೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ತೊದಲಿಯ ಮನೆಗೂ ಹೋಗಿಬರುತ್ತೇನೆ, ಇನ್ನೂ ಇದ್ದಾಳೆ. ಅದಕ್ಕೆ ಮೊದಲು, ಇವತ್ತು ಸಂಜೆ ಮೊಮ್ಮಗಳು ಕೇಳಿದರೆ ಇಸ್ತ್ರಿಪೆಟ್ಟಿಗೆ ಹುಡುಕದೆ ನಾನೇ ಅಂತ ಹೇಳುತ್ತೇನೆ. ನಿನಗೆ ಬೈಯಬೇಕು ಅನ್ನಿಸಿದರೆ ಬರೆಯಬೇಡ, ಬಂದು ಬೈಯಿ. ಬಸ್ ನಿಲ್ದಾಣದಲ್ಲಿ ನಾನೇ ನಿಂತಿರುತ್ತೇನೆ.